ತೆನೆಗೆ ಹಾಯ್ದ ನೀರು ಯಾರದು?

(ಮಾತೆ ಮರಿಯಮ್ಮನವರ ಜನನೋತ್ಸವ, ಸೆಪ್ಟೆಂಬರ್ 8. ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಬಂದ ಭಕ್ತರಿಗೆ ನೀಡಿದ ಪ್ರಬೋಧನೆ. ವಾಚನಗಳು: ಮೀಕ 5:1-4; ಮತ್ತಾಯ 1:1-16, 18-23)



ಇಂದು ನಮ್ಮ ತಾಯಿಯ ಹುಟ್ಟುಹಬ್ಬ. ಹುಟ್ಟುಹಬ್ಬದ ದಿನ ಧರ್ಮಸಭೆ ನಮಗೆ ಓದಿ ಹೇಳುವುದು ಏನನ್ನು? ಒಂದು ಹೆಸರುಗಳ ಪಟ್ಟಿಯನ್ನು. ಅಬ್ರಹಾಮರಿಂದ ಹಿಡಿದು ಸಂತ ಜೋಸೆಫರವರೆಗೆ ತಲೆಮಾರಿನ ಮೇಲೆ ತಲೆಮಾರು. ಓದುವ ಗುರುಗಳ ನಾಲಿಗೆ ಅಲ್ಲಲ್ಲಿ ತೊಡರುತ್ತದೆ, ಮುಂದೆ ಕುಳಿತ ಮಕ್ಕಳು ಮುಸಿಮುಸಿ ನಗುತ್ತಾರೆ, ಹಿರಿಯರಿಗೆ ಆಕಳಿಕೆ ಬರುತ್ತದೆ. ಜಗಳೂರಿನಿಂದ ಟೆಂಪೊ ಮಾಡಿಕೊಂಡು, ಹೊನ್ನಾಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದವರಿಗೆ 'ಇದನ್ನು ಕೇಳಲು ಇಷ್ಟು ದೂರ ಬಂದೆವೇ' ಎಂದು ಅನ್ನಿಸಿದರೆ ತಪ್ಪಿಲ್ಲ.

ಆದರೆ ಈ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಮನೆಯಲ್ಲಿ ಸಂಬಂಧ ಕುದುರಿಸುವಾಗ ನಾವು ಏನು ಮಾಡುತ್ತೇವೆ? ಅಜ್ಜ ಉಪದೇಶಿಯಾಗಿದ್ದರು, ದೊಡ್ಡಪ್ಪ ಮೇಷ್ಟ್ರಾಗಿದ್ದರು, ಚಿಕ್ಕಮ್ಮ ಕನ್ಯಾಸ್ತ್ರೀ ಎಂದು ಒಳ್ಳೆಯದನ್ನೆಲ್ಲ ಮುಂದಿಡುತ್ತೇವೆ. ಜೈಲಿಗೆ ಹೋಗಿಬಂದ ಮಾವನ ಸುದ್ದಿ ಎತ್ತುವುದಿಲ್ಲ. ಸಂತ ಮತ್ತಾಯರು ಹಾಗೆ ಮಾಡಲಿಲ್ಲ. ಪ್ರಭು ಯೇಸುವಿನ ವಂಶಾವಳಿಯಲ್ಲಿ ಅವರು ತಾಮಾರಳನ್ನು ಸೇರಿಸಿದರು. ಜೆರಿಕೋ ಪಟ್ಟಣದ ವೇಶ್ಯೆ ರಾಹಾಬಳನ್ನು ಸೇರಿಸಿದರು. ಪರದೇಶದ ರೂತಳನ್ನು ಸೇರಿಸಿದರು. ನಾಲ್ಕನೆಯ ಹೆಂಗಸಿನ ಹೆಸರನ್ನು ಮಾತ್ರ ಹೇಳುವುದಿಲ್ಲ. ಆಕೆ ಊರೀಯನ ಹೆಂಡತಿಯಾಗಿದ್ದವಳು ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಆಕೆಯ ಹೆಸರು ಬತ್ಷೇಬ ಎಂದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಸೊಲೊಮೋನನ ತಾಯಿ ಮತ್ತೊಬ್ಬನ ಹೆಂಡತಿಯಾಗಿದ್ದಳು, ದಾವೀದ ಅವಳನ್ನು ಕಸಿದುಕೊಂಡ ಎಂಬುದು ಯಾರಿಗೂ ಮರೆತುಹೋಗಬಾರದೆಂದೇ ಹಾಗೆ ಬರೆದರು ಎಂದು ನನಗೆ ತೋರುತ್ತದೆ.

ದಾವೀದನ ಕಥೆ ನಿಮಗೆ ತಿಳಿದದ್ದೇ. ಸಮುವೇಲನ ಎರಡನೆಯ ಗ್ರಂಥದ 11ನೇ ಅಧ್ಯಾಯದಲ್ಲಿದೆ. ಸಂಜೆ ಹೊತ್ತು, ಅರಮನೆಯ ಮಾಳಿಗೆ, ಸ್ನಾನ ಮಾಡುತ್ತಿದ್ದ ಹೆಂಗಸು. ಈ ಕಥೆಯಲ್ಲಿ ಜನ ಸಾಮಾನ್ಯವಾಗಿ ಗಮನಿಸದೆ ಬಿಡುವ ಒಂದು ಗಳಿಗೆ ಇದೆ. ಕಣ್ಣಿಗೆ ಬಿದ್ದದ್ದು ದಾವೀದನ ತಪ್ಪಲ್ಲ. ಆಕೆ ಯಾರೆಂದು ಕೇಳಿಕಳುಹಿಸಿದ. ಊರೀಯನ ಹೆಂಡತಿ ಎಂದು ಉತ್ತರ ಬಂತು. ಆ ಉತ್ತರ ಬಂದ ಗಳಿಗೆಯಲ್ಲಿ ಅವನ ಮುಂದೆ ಎರಡು ದಾರಿ ಇತ್ತು. ಪರರ ಹೆಂಡತಿಯನ್ನು ಬಯಸಬಾರದೆಂಬ ಆಜ್ಞೆ ಅವನಿಗೆ ಬಾಯಿಪಾಠವಾಗಿತ್ತು. ಕುರಿ ಕಾಯುವ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿದ ದೇವರು ಎಂಥವರು ಎಂಬುದು ಅವನಿಗೆ ತಿಳಿದಿತ್ತು. ಅಷ್ಟೆಲ್ಲ ತಿಳಿದೂ ಆಳುಗಳನ್ನು ಕಳುಹಿಸಿ ಅವಳನ್ನು ಕರೆಸಿಕೊಂಡ.

ಪಾಪ ಒಂದಕ್ಕೇ ನಿಲ್ಲಲಿಲ್ಲ. ಆಕೆ ಗರ್ಭಿಣಿಯಾದಳೆಂದು ತಿಳಿದಾಗ ಅದನ್ನು ಮುಚ್ಚಲು ಯುದ್ಧಭೂಮಿಯಿಂದ ಊರೀಯನನ್ನು ಕರೆಸಿದ. ಮನೆಗೆ ಹೋಗಿ ಮಲಗು ಎಂದು ಪುಸಲಾಯಿಸಿದ, ಕುಡಿಸಿದ. ಊರೀಯ ಹೋಗಲಿಲ್ಲ. ದೇವರ ಮಂಜೂಷವೂ ಜೊತೆಗಾರರೂ ಡೇರೆಗಳಲ್ಲಿರುವಾಗ ನಾನು ಮನೆಯಲ್ಲಿ ಸುಖಪಡಲಾರೆ ಎಂದು ಆಳುಗಳ ಜೊತೆ ಬಾಗಿಲಲ್ಲೇ ಮಲಗಿದ. ಅವನು ಹಿತ್ತಿಯನು, ಹೊರಗಿನವನು. ದೇವರ ಜನರ ಅರಸನಿಗೆ ಇಲ್ಲದ ವಿಧೇಯತೆ ಆ ಹೊರಗಿನ ಸಿಪಾಯಿಗೆ ಇತ್ತು. ಕೊನೆಗೆ ದಾವೀದ ಅವನ ಮರಣದ ಪತ್ರವನ್ನು ಬರೆದು ಅವನ ಕೈಯಲ್ಲೇ ಕೊಟ್ಟು ಕಳುಹಿಸಿದ.

ಆಮೇಲೆ ನಾತಾನ ಪ್ರವಾದಿ ಬಂದರು. ಬಂದವರು ಬೈಯಲಿಲ್ಲ, ಒಂದು ಕಥೆ ಹೇಳಿದರು. ಸಾಹುಕಾರನೊಬ್ಬನಿಗೆ ಹಿಂಡು ಹಿಂಡು ಕುರಿಗಳಿದ್ದವು. ಪಕ್ಕದ ಬಡವನಿಗೆ ಇದ್ದದ್ದು ಮಗಳಂತೆ ಸಾಕಿದ ಒಂದೇ ಮರಿ. ಅತಿಥಿ ಬಂದಾಗ ಸಾಹುಕಾರ ತನ್ನ ಹಿಂಡನ್ನು ಮುಟ್ಟದೆ ಬಡವನ ಮರಿಯನ್ನು ಹಿಡಿದು ಅಡುಗೆ ಮಾಡಿಸಿದ. ಕೇಳಿದ ದಾವೀದನಿಗೆ ಸಿಟ್ಟು ನೆತ್ತಿಗೇರಿತು. ಅವನನ್ನು ಬಿಡಬಾರದು ಎಂದು ಗುಡುಗಿದ. ಇನ್ನೊಬ್ಬರ ಪಾಪದ ಮೇಲೆ ನಮಗೆಲ್ಲ ಬರುವ ಸಿಟ್ಟು ಅದು.

ನ್ಯಾಮತಿಯವರಿಗೆ ನೆನಪಿರಬೇಕು. 2024ರ ಅಕ್ಟೋಬರ್ ಕೊನೆಯಲ್ಲಿ ನಿಮ್ಮೂರಿನ ಬ್ಯಾಂಕಿನಿಂದ ಜನ ಅಡವಿಟ್ಟಿದ್ದ 17.7 ಕಿಲೋ ಚಿನ್ನ ರಾತ್ರೋರಾತ್ರಿ ಹೋಯಿತು. ಮಗಳ ಮದುವೆಗೆಂದು ಕೂಡಿಟ್ಟದ್ದು, ಗೊಬ್ಬರ ಬೀಜಕ್ಕೆಂದು ಅಡವಿಟ್ಟ ತಾಳಿ, ಓಲೆ, ಬಳೆ. 2025ರ ಮಾರ್ಚ್‌ನಲ್ಲಿ ಪೊಲೀಸರು ಅದನ್ನು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಿಂದ ಎತ್ತಿ ತಂದರು. ಆ ದಿನಗಳಲ್ಲಿ ಟೀ ಅಂಗಡಿಯಲ್ಲಿ, ಕೇರಿಯಲ್ಲಿ, ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಅದೇ ಮಾತು. ಕೈ ಕತ್ತರಿಸಬೇಕು ಅಂದವರಿದ್ದರು, ನೇಣಿಗೆ ಹಾಕಬೇಕು ಅಂದವರಿದ್ದರು. ಆರೋಪಿಗಳ ವಿಷಯ ನ್ಯಾಯಾಲಯಕ್ಕೆ ಬಿಟ್ಟದ್ದು. ಅಂದು ನಮಗೆ ಬಂದ ಸಿಟ್ಟಿಗೂ ದಾವೀದನ ಸಿಟ್ಟಿಗೂ ಎಷ್ಟು ಹೋಲಿಕೆ ಎಂಬುದಷ್ಟೇ ನನ್ನ ಪ್ರಶ್ನೆ. ಯಾಕೆಂದರೆ ನಾತಾನರು ದಾವೀದನ ಸಿಟ್ಟು ಮುಗಿಯುವವರೆಗೆ ಕಾದು, ಆ ಮನುಷ್ಯ ನೀನೇ ಎಂದು ಅವನ ಕಡೆಗೆ ಬೆರಳು ತೋರಿಸಿದರು.

ಇವತ್ತು ನಾತಾನರು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬಂದರೆ ಕುರಿಮರಿಯ ಕಥೆ ಹೇಳುವುದಿಲ್ಲ. ನೀರಿನ ಕಥೆ ಹೇಳುತ್ತಾರೆ.

ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯ ಇದೆ. ಅದರ ಪೂರ್ಣ ಮಟ್ಟ 186 ಅಡಿ ಎಂಬುದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಮನೆ ಮನೆಯಲ್ಲಿ ಡ್ಯಾಂ ಎಷ್ಟಾಯಿತು ಎಂಬುದೇ ವಿಚಾರಣೆ. ಅಲ್ಲಿಂದ ಹೊರಟ ಬಲದಂಡೆ ನಾಲೆ ಭದ್ರಾವತಿ, ಚನ್ನಗಿರಿಗಳನ್ನು ದಾಟಿ ಹೊನ್ನಾಳಿಯ ಕೆಲವು ಭಾಗ, ದಾವಣಗೆರೆ, ಈ ಹರಿಹರದ ಕಡೆಗೆ ಬರಬೇಕು. ಬರಬೇಕು ಎಂದೆ. ಎಷ್ಟೋ ಸಲ ಬರುವುದಿಲ್ಲ. ಮೇಲಿನ ಭಾಗದಲ್ಲಿ ರಾತ್ರಿ ಕರೆಂಟ್ ಬಂದ ಕೂಡಲೇ ನಾಲೆಗೆ ಪಂಪ್‌ಸೆಟ್ ಬೀಳುತ್ತದೆ, ಪೈಪು ಅಚ್ಚುಕಟ್ಟಿನ ಹೊರಗಿನ ತೋಟದವರೆಗೆ ಹೋಗುತ್ತದೆ. ಅಡಿಕೆಗೆ ಬೆಲೆ ಬಂದ ಮೇಲೆ ಇದು ಇನ್ನೂ ಹೆಚ್ಚಾಯಿತು. ಕೆಳಗೆ ಕೊನೆಭಾಗದ ರೈತ ಸಸಿಮಡಿ ಮಾಡಿಕೊಂಡು, ನಾಟಿ ಮಾಡಿ, ಒಣಗಿದ ಕಾಲುವೆಯಲ್ಲಿ ಇಳಿದು ಮೇಲಕ್ಕೆ ನೋಡುತ್ತಾ ನಿಂತಿರುತ್ತಾನೆ. 2023ರ ಬರಗಾಲದಲ್ಲಿ ದಾವಣಗೆರೆ ಭಾಗದ ರೈತರು ಭದ್ರಾ ನೀರಿಗಾಗಿ ಬೀದಿಗೆ ಇಳಿದದ್ದನ್ನು ನೀವು ಕಂಡಿದ್ದೀರಿ. 2024ರಲ್ಲಿ ಸರ್ಕಾರ 1965ರ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಹೀಗೆ ನೀರೆತ್ತುವವರಿಗೆ ಶಿಕ್ಷೆಯನ್ನು ಹೆಚ್ಚಿಸಿತು. ಅಧಿಕಾರಿಗಳು ಬಂದು ಪಂಪ್ ತೆಗೆಸುತ್ತಾರೆ. ಜೀಪು ಹಿಂದಿರುಗಿದ ಮೇಲೆ ಕೆಲವು ಪಂಪ್‌ಗಳೂ ಹಿಂದಿರುಗುತ್ತವೆ.

ಜಗಳೂರಿನವರು 'ನಮಗೆ ನಾಲೆಯೇ ಇಲ್ಲ ಫಾದರ್, ಕದಿಯುವುದೆಲ್ಲಿಂದ' ಎನ್ನಬಹುದು. ನಿಜ, ನಿಮ್ಮದು ಬಹುಕಾಲ ಬರದ ನಾಡು. ಆದರೆ ಇದೇ ಹರಿಹರದ ಹತ್ತಿರದ ದೀಟೂರಿನಿಂದ ತುಂಗಭದ್ರೆಯ ನೀರನ್ನು ಎತ್ತಿ ನಿಮ್ಮ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದಿದೆ. ನೀರು ಬರುವ ಮೊದಲು ಎಲ್ಲರೂ ಒಟ್ಟಿಗೆ ಕೂಗಿದ್ದೀರಿ. ಬಂದ ಮೇಲೆ ಕೆರೆಯ ಅಂಗಳದಲ್ಲಿ ಮೋಟಾರು ಇಡುವವರು ಯಾರು? ಊರಿನ ಕೊಳವೆಬಾವಿಗಳಿಗೆ ಇಂಗಬೇಕಾದ ನೀರು ಯಾರ ಹೊಲಕ್ಕೆ ಹೋಗುತ್ತದೆ? ಉತ್ತರ ನಿಮಗೇ ಗೊತ್ತು. ನನಗೆ ಹೇಳುವುದು ಬೇಡ.

ಇದು ಪಾಪವೇ ಎಂದು ಕೇಳುವವರಿದ್ದಾರೆ. ಪಾಪನಿವೇದನೆಗೆ ಬಂದವರು ಕೋಪ ಮಾಡಿಕೊಂಡೆ, ಭಾನುವಾರದ ಪೂಜೆ ತಪ್ಪಿಸಿದೆ, ಅತ್ತೆಗೆ ಎದುರು ಮಾತಾಡಿದೆ ಎನ್ನುತ್ತಾರೆ. ನೀರಿನ ಸುದ್ದಿ ಎತ್ತುವವರು ಅಪರೂಪ. ನೀರು ದೇವರು ಕೊಟ್ಟದ್ದಲ್ಲವೇ, ಎಲ್ಲರಿಗೂ ಸೇರಿದ್ದಲ್ಲವೇ ಎನ್ನುತ್ತೇವೆ. ಹೌದು, ದೇವರು ಕೊಟ್ಟದ್ದು. ಆದ್ದರಿಂದಲೇ ಕೊನೆಭಾಗದವನ ಪಾಲನ್ನು ಮುಟ್ಟಿದಾಗ ನಾವು ನೀರುಗಂಟಿಯ ಕಣ್ಣು ತಪ್ಪಿಸಿದ್ದಲ್ಲ, ಕೊಟ್ಟವರ ಎದುರಿಗೇ ಕೈ ಹಾಕಿದ್ದು. ತನ್ನ ಪಾಪ ದೇವರಿಗೆ ವಿರುದ್ಧವಾದದ್ದು ಎಂದು ದಾವೀದನಿಗೆ ಕೊನೆಗೆ ಹೊಳೆಯಿತು. ಅವನು ಕಸಿದದ್ದು ಊರೀಯನಿಂದ, ಅವಿಧೇಯನಾದದ್ದು ದೇವರಿಗೆ. ಇವೆರಡನ್ನೂ ಬೇರೆ ಮಾಡಲು ಬರುವುದಿಲ್ಲ.

ಸಂತ ಪೌಲರು ರೋಮ್‌ನವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಹೇಳುವುದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ನಾವು ಯಾರ ಮಾತು ಕೇಳುತ್ತೇವೋ ಅವರ ಆಳುಗಳಾಗುತ್ತೇವೆ, ಪಾಪದ ಮಾತು ಕೇಳಿದರೆ ಪಾಪದ ಆಳು, ದೇವರ ಮಾತು ಕೇಳಿದರೆ ದೇವರ ಆಳು. ನಾನು ಯಾರ ಆಳೂ ಅಲ್ಲ, ನನ್ನಿಷ್ಟ ಎನ್ನುವವನಿಗೆ ಪೌಲರು ಜಾಗವನ್ನೇ ಬಿಡುವುದಿಲ್ಲ. ತೂಬಿನಿಂದ ಹೊರಬಿದ್ದ ನೀರು ಯಾವುದಾದರೂ ಒಂದು ಗದ್ದೆಗೆ ಹೋಗಲೇಬೇಕು. ದೀಕ್ಷಾಸ್ನಾನದ ದಿನ ನಮ್ಮ ಪರವಾಗಿ ಜ್ಞಾನಪಿತ ಜ್ಞಾನಮಾತೆಯರು ಸೈತಾನನನ್ನೂ ಅವನ ಕೆಲಸಗಳನ್ನೂ ತ್ಯಜಿಸುತ್ತೇವೆ ಎಂದು ಹೇಳಿದ್ದು ಈ ಗದ್ದೆ ಯಾವುದೆಂದು ಗೊತ್ತುಮಾಡಲಿಕ್ಕೆ. ಪಾಸ್ಕ ಜಾಗರಣೆಯ ರಾತ್ರಿ ಮೇಣದಬತ್ತಿ ಹಿಡಿದು ನಾವೇ ಅದನ್ನು ಮತ್ತೆ ಹೇಳುತ್ತೇವೆ. ಸೈತಾನನ ಕೆಲಸಗಳು ಎಂದಾಕ್ಷಣ ಮಾಟ ಮಂತ್ರ ನೆನಪಾಗುತ್ತದೆಯೇ ಹೊರತು ಮೋಟಾರಿನ ಸ್ವಿಚ್ಚು ನೆನಪಾಗುವುದಿಲ್ಲ.

ಈಗ ಕಷ್ಟದ ಮಾತು. ಬಿಳಿ ಲೋಬ ತೊಟ್ಟು ಪೀಠದ ಮೇಲೆ ನಿಂತು ಇದನ್ನೆಲ್ಲ ಹೇಳುವುದು ಸುಲಭ. ಮೂರು ಎಕರೆ ಗದ್ದೆ, ಸೊಸೈಟಿಯ ಸಾಲ, ಹೊಡೆ ಒಡೆಯುವ ಹೊತ್ತಿಗೆ ಬಿರುಕು ಬಿಟ್ಟ ನೆಲ. ಅಕ್ಕಪಕ್ಕದವರೆಲ್ಲ ಪಂಪ್ ಇಟ್ಟಿದ್ದಾರೆ. ಮನೆಯಾಕೆ ಕೇಳುತ್ತಾಳೆ: 'ಊರಿಗೆಲ್ಲ ಇಲ್ಲದ ನ್ಯಾಯ ನಮಗ್ಯಾಕ್ರೀ? ನಾಳೆ ಮಕ್ಕಳ ಫೀಸು ಯಾರು ಕಟ್ಟುತ್ತಾರೆ?' ಆಕೆ ಕೆಟ್ಟವಳಲ್ಲ, ಕೇಳಿದ್ದರಲ್ಲಿ ಸುಳ್ಳಿಲ್ಲ. ಅಂಥ ರಾತ್ರಿಯಲ್ಲಿ ಪಂಪ್ ಇಡದೆ ಮಲಗಿದವನಿಗೆ ಮರುದಿನ ದೇವರು ಮಳೆ ಕೊಡುತ್ತಾರೆ ಎಂದು ನಾನು ಹೇಳಲಾರೆ. ಕೆಲವು ಸಲ ಕೊಡುವುದಿಲ್ಲ. ಬೆಳೆ ಹೋಗಬಹುದು. ವಿಧೇಯತೆಗೆ ಬೆಲೆ ಇದೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ನಿಮಗೆ ಮೋಸ ಮಾಡಿದಂತೆ.

ಜೋಸೆಫರನ್ನೇ ನೋಡಿ. ನಿಶ್ಚಯವಾದ ಹೆಣ್ಣು ಗರ್ಭಿಣಿ, ಊರು ಏನಂದೀತು? ಅವರು ನೀತಿವಂತರು, ಆಕೆಯ ಮಾನ ಹೋಗದಂತೆ ಗುಟ್ಟಾಗಿ ಬಿಟ್ಟುಬಿಡಲು ಯೋಚಿಸಿದ್ದರು. ಕನಸಿನಲ್ಲಿ ದೇವದೂತರು ಬಂದು ಆಕೆಯನ್ನು ಮನೆಗೆ ಸೇರಿಸಿಕೋ ಎಂದರು. ಇಂದಿನ ವಾಚನ 23ನೇ ವಚನಕ್ಕೆ ನಿಂತುಬಿಡುತ್ತದೆ, ನನಗೆ ಅದೊಂದು ಬೇಸರ. ಮನೆಗೆ ಹೋಗಿ 24ನೇ ವಚನವನ್ನೂ ಓದಿರಿ. ಜೋಸೆಫರು ನಿದ್ದೆಯಿಂದ ಎದ್ದರು, ಹೇಳಿದಂತೆ ಮಾಡಿದರು. ಅಷ್ಟೇ ಇದೆ ಅಲ್ಲಿ. ಇಡೀ ಶುಭಸಂದೇಶದಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಎದ್ದದ್ದು, ಹೊರಟದ್ದು, ಸೇರಿಸಿಕೊಂಡದ್ದು ಮಾತ್ರ ದಾಖಲಾಗಿದೆ. ಎದ್ದ ಮೇಲೆ ಊರಿನವರ ಬಾಯಿ ಮುಚ್ಚಿತೆಂದು ಮತ್ತಾಯರು ಎಲ್ಲಿಯೂ ಹೇಳುವುದಿಲ್ಲ.

ಮರಿಯಮ್ಮನವರ ಒಪ್ಪಿಗೆಯೂ ಹಾಗೆಯೇ. ಗಬ್ರಿಯೇಲ್ ದೂತರು ನಜರೇತಿಗೆ ಬಂದಾಗ ಅವರು ಅರ್ಥವಾಗದ್ದನ್ನು ಕೇಳಿದರು, ಉತ್ತರ ಸಿಕ್ಕಿದ ಮೇಲೆ ದೇವರ ದಾಸಿಯಾಗಿ ತಮ್ಮನ್ನು ಒಪ್ಪಿಸಿಕೊಂಡರು. ಎರಡನೇ ಶತಮಾನದ ಸಂತ ಇರೇನಿಯಸರು, 2022ರಲ್ಲಿ ಪೋಪ್ ಫ್ರಾನ್ಸಿಸರು ಧರ್ಮಸಭೆಯ ಆಚಾರ್ಯರೆಂದು ಘೋಷಿಸಿದವರು, ಇದನ್ನು ಗಂಟಿಗೆ ಹೋಲಿಸುತ್ತಾರೆ: ಏವಳ ಅವಿಧೇಯತೆಯಿಂದ ಬಿದ್ದ ಗಂಟನ್ನು ಮರಿಯಮ್ಮನವರ ವಿಧೇಯತೆ ಬಿಚ್ಚಿತು. ಗಂಟು ಬಿಚ್ಚಿದವರಿಗೆ ಗೊತ್ತು, ಹೇಗೆ ಬಿತ್ತೋ ಅದೇ ದಾರಿಯಲ್ಲಿ ಹಿಂದಕ್ಕೆ ಎಳೆಯಬೇಕು. ಎಳೆದು ಕಿತ್ತರೆ ಬಿಗಿಯುತ್ತದೆ.

ಚನ್ನಗಿರಿಯವರಿಗೆ ಒಂದು ಹಳೆಯ ಕಥೆ ಗೊತ್ತಿರುತ್ತದೆ. ಪೀಠದ ಮೇಲಿಂದ ಆ ಕೆರೆಯ ಹೆಸರು ಹೇಳಲು ಕೆಲವರಿಗೆ ಮುಜುಗರ, ಅದಕ್ಕೇ ಶಾಂತಿಸಾಗರ ಎನ್ನುತ್ತಾರೆ. ಜನರ ಬಾಯಲ್ಲಿ ಅದು ಸೂಳೆಕೆರೆಯೇ. ಶಾಂತವ್ವ ಎಂಬ ರಾಜಕುವರಿ ತನ್ನ ಮೇಲೆ ಬಂದ ಕಳಂಕವನ್ನು ಕಳೆದುಕೊಳ್ಳಲು ಆ ಕೆರೆ ಕಟ್ಟಿಸಿದಳಂತೆ. ಕೆರೆಗೆ ಬೇಕಾದ ಜಾಗ ವೇಶ್ಯೆಯರ ಕೇರಿಯದಾಗಿತ್ತು; ನಮ್ಮ ಹೆಸರೇ ಕೆರೆಗೆ ಇರಬೇಕೆಂದು ಕೇಳಿಕೊಂಡು ಅವರು ಜಾಗ ಬಿಟ್ಟುಕೊಟ್ಟರಂತೆ. ಇದು ಜನಪದ ಕಥೆ, ಚರಿತ್ರೆ ಎಂದು ನಾನು ಹೇಳುತ್ತಿಲ್ಲ. ಆದರೆ ಮತ್ತಾಯರ ಪಟ್ಟಿಯಲ್ಲಿ ರಾಹಾಬಳ ಹೆಸರು ಓದುವಾಗಲೆಲ್ಲ ನನಗೆ ಆ ಕೆರೆ ನೆನಪಾಗುತ್ತದೆ. ಇಬ್ಬರ ಹೆಸರನ್ನೂ ಅಳಿಸಲಿಲ್ಲ. ಆ ಕಥೆಯ ಹೆಂಗಸರು ಪಶ್ಚಾತ್ತಾಪವನ್ನು ಕಣ್ಣೀರಿನಲ್ಲಿ ಮುಗಿಸಲಿಲ್ಲ. ಬೇರೆಯವರ ಗದ್ದೆಗೆ ನೀರು ಹರಿಯುವಂತೆ ಮಾಡಿದರು. ಸಿದ್ಧನ ತೂಬು, ಬಸವನ ತೂಬು ಎಂಬ ಅದರ ಎರಡು ತೂಬುಗಳ ಹೆಸರು ಆ ಸೀಮೆಯ ರೈತರಿಗೆ ಇಂದಿಗೂ ಬಾಯಲ್ಲಿದೆ.

ಪಾಪಕ್ಷಮೆಯ ಸಂಸ್ಕಾರದ ಬಗ್ಗೆ ನಮಗೊಂದು ತಪ್ಪು ತಿಳಿವಳಿಕೆ ಇದೆ. ಗುರುಗಳು ಕ್ಷಮಾದಾನ ಕೊಟ್ಟರು, ಮೂರು ನಮೋ ಮರಿಯ ಹೇಳಿದೆ, ಲೆಕ್ಕ ಚುಕ್ತಾ ಎಂದುಕೊಳ್ಳುತ್ತೇವೆ. ದೇವರ ಕ್ಷಮೆ ಉಚಿತ, ಅದರಲ್ಲಿ ಸಂಶಯವಿಲ್ಲ. ಆದರೆ ಕದ್ದದ್ದನ್ನು ಹಿಂದಿರುಗಿಸಬೇಕು ಎಂದು ಧರ್ಮಸಭೆ ಯಾವಾಗಲೂ ಬೋಧಿಸಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವೂ ಏಳನೆಯ ಆಜ್ಞೆಯನ್ನು ವಿವರಿಸುವಾಗ ಅದನ್ನೇ ಹೇಳುತ್ತದೆ. ಜಕ್ಕಾಯನಿಗೆ ಯೇಸು ಹಿಂದಿರುಗಿಸು ಎಂದು ಹೇಳಲೇ ಇಲ್ಲ, ಇಂದು ನಿನ್ನ ಮನೆಯಲ್ಲಿ ತಂಗಬೇಕು ಎಂದರು. ನಾಲ್ಕು ಪಟ್ಟು ಕೊಡುತ್ತೇನೆ ಎಂದವನು ಜಕ್ಕಾಯನೇ.

ಹರಿದುಹೋದ ನೀರನ್ನು ಹಿಂದಿರುಗಿಸುವುದು ಹೇಗೆ ಫಾದರ್ ಎಂದು ಕೇಳಬಹುದು. ದಾರಿ ಇದೆ. ಈ ಹಂಗಾಮಿನಲ್ಲಿ ಪಂಪನ್ನು ನಾಲೆಯಿಂದ ಎತ್ತಿ ಮನೆಗೆ ತನ್ನಿ. ಅದಷ್ಟೇ ಮಾಡಿದರೂ ಕೆಳಗಿನವನಿಗೆ ನಾಳೆಯಿಂದಲೇ ನೀರು ಹೋಗುತ್ತದೆ. ಹಿಂದೆ ಯಾರಿಗೆ ನಷ್ಟವಾಯಿತೆಂದು ಗೊತ್ತಿದ್ದರೆ, ಅವನ ಮನೆಗೆ ಎರಡು ಚೀಲ ಭತ್ತ ಹಾಕಿಬನ್ನಿ. ಕಾರಣ ಹೇಳುವ ಧೈರ್ಯ ಬಂದರೆ ಹೇಳಿ. ಅವನು ನಮ್ಮ ಧರ್ಮಕೇಂದ್ರದವನೇ ಆಗಿರಬೇಕೆಂದಿಲ್ಲ. ಕೊನೆಭಾಗದಲ್ಲಿರುವವರು ಹೆಚ್ಚಿನವರು ನಮ್ಮವರಲ್ಲ, ಊರೀಯನೂ ಇಸ್ರಯೇಲನಾಗಿರಲಿಲ್ಲ. ಅಡಿಕೆ ಬೇಯಿಸುವವರು, ಮೆಕ್ಕೆಜೋಳ ತೂಗುವವರು, ಕೂಲಿ ಲೆಕ್ಕ ಬರೆಯುವವರು ನಿಮ್ಮ ನಿಮ್ಮ ನಾಲೆ ಯಾವುದು ಎಂದು ನೀವೇ ನೋಡಿಕೊಳ್ಳಿ. ಎಲ್ಲವನ್ನೂ ಹೇಳಹೊರಟರೆ ಮಧ್ಯಾಹ್ನವಾದೀತು.

ಇನ್ನೊಂದು ಮಾತು ಧರ್ಮಕೇಂದ್ರದ ಪಾಲನಾ ಸಮಿತಿಯವರಿಗೆ, ಕಿರುಸಮುದಾಯದ ಮುಖಂಡರಿಗೆ, ಮಹಿಳಾ ಸಂಘದ ತಾಯಂದಿರಿಗೆ. ಪಂಪ್ ಎತ್ತಿ ಮನೆಗೆ ತಂದವನ ಬೆಳೆ ಒಣಗಿದರೆ ಆ ನಷ್ಟ ಅವನೊಬ್ಬನದೇ ಆಗಬಾರದು. ಹಬ್ಬದ ದೀಪಾಲಂಕಾರಕ್ಕೆ, ಬ್ಯಾಂಡಿಗೆ ನಾವು ಚಂದಾ ಎತ್ತುವುದಿಲ್ಲವೇ? ದೇವರ ಮಾತು ಕೇಳಿ ಸೋತವನ ಮಗಳ ಫೀಸಿಗೂ ಎತ್ತಬಹುದು. ಅವನನ್ನು ಒಬ್ಬನನ್ನೇ ಬಿಟ್ಟು, ವಿಧೇಯತೆಯ ಬಗ್ಗೆ ನಾವು ಭಾಷಣ ಮಾಡಿದರೆ ಮುಂದಿನ ವರ್ಷ ಅವನೂ ಪಂಪ್ ಇಡುತ್ತಾನೆ, ಅದರ ಪಾಪದಲ್ಲಿ ನಮಗೂ ಪಾಲಿರುತ್ತದೆ.

ನಿಮ್ಮಲ್ಲಿ ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಮನೆತನದವರು ಇಂದು ತೆನೆ ಹಬ್ಬ ಮಾಡುತ್ತೀರಿ. ನಮ್ಮ ಕಡೆ ಸೆಪ್ಟೆಂಬರ್‌ನಲ್ಲಿ ಭತ್ತ ಇನ್ನೂ ಹಸಿರು. ಆದರೂ ಎಲ್ಲಿಂದಲೋ ನಾಲ್ಕು ತೆನೆ ಹುಡುಕಿ ತಂದಿದ್ದೀರಿ, ಮಕ್ಕಳ ಕೈಯಲ್ಲಿ ಹೂವಿನ ಜೊತೆ ಅದನ್ನು ಕಾಣುತ್ತಿದ್ದೇನೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವುಗಳನ್ನು ಆಶೀರ್ವದಿಸುತ್ತೇವೆ. ನೀವು ಅದನ್ನು ಮನೆಗೆ ಒಯ್ದು ಅಕ್ಕಿ ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಗೆಲ್ಲ ಹಂಚುತ್ತೀರಿ. ಅದಕ್ಕೆ ಮೊದಲು, ಆ ತೆನೆಗೆ ಹಾಯ್ದ ನೀರು ಯಾರ ಸರದಿಯದು ಎಂದು ಗಂಡ ಹೆಂಡತಿ ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಮಕ್ಕಳ ಎದುರಿಗೇ ಕೇಳಿಕೊಳ್ಳಿ.

ಪೂಜೆಯ ನಂತರ ಬಸಿಲಿಕದ ಪಕ್ಕದಲ್ಲಿ ಗುರುಗಳು ಪಾಪನಿವೇದನೆ ಕೇಳಲು ಕುಳಿತಿರುತ್ತಾರೆ. ಸಾಲು ಉದ್ದವಾದೀತು. ಜಗಳೂರಿನ ಹಳ್ಳಿಗಳಿಗೆ ಹೊತ್ತು ಮುಳುಗಿದ ಮೇಲೆ ಬಸ್ಸು ಸಿಗುವುದು ಕಷ್ಟ, ಅವರನ್ನು ಮುಂದೆ ಬಿಡಿ. ಚನ್ನಗಿರಿಯವರು ಇವತ್ತೊಂದು ದಿನ ಸಾಲಿನ ಕೊನೆಯಲ್ಲಿ ನಿಲ್ಲಿ.